ಬಂಡೆ, ಕೊಕ್ಕರೆ

ಅವರ ಹೆಸರು ನಮ್ಮ ಬಾಯಿಗೆ ಸರಿಯಾಗಿ ಸಿಗುತ್ತಿರಲಿಲ್ಲ.
ಗ್ರಾನೈಟ್ ಹಡ್ಸನ್ ವೀರನಗೆರೆಗೆ ಬಂದು ಬಂಡೆಯಾದ.
ಮುಖವಾಡದ, ಉದ್ದ ಕಾಲಿನ ನೈಟ್ ಹೆರಾನ್
ಹಗ್ಗದ ಮೇಲೆ ಒಂಟಿಗಾಲಲ್ಲಿ ನಿಲ್ಲುತ್ತಿದ್ದನಲ್ಲ,
ಅವನು ಕೊಕ್ಕರೆ.

ಇಬ್ಬರೂ ಒಳ್ಳೆಯವರೇ. ತೊಂದರೆ ಇದ್ದದ್ದೇ ಅಲ್ಲಿ.
ಕೇಡಿಗನಿದ್ದರೆ ಬೈಯಬಹುದಿತ್ತು,
ನಾವು ಬೈಗುಳ ಕಲಿತದ್ದೇ ಆ ಟೀವಿಯ ಮುಂದೆ.
ಏಳು ವರ್ಷ ಬೇರೆ ಬೇರೆ ವೈರಿಗಳಿಗೆ ಬಿಟ್ಟು
ಕೊನೆಗೊಂದು ಸೋಮವಾರ ಎದುರುಬದುರು ನಿಲ್ಲಿಸಿದರು.
ಅಣ್ಣ ಕೆಂಪರಾಜು ಬಂಡೆಯ ಕಡೆ.
ನಾನು ಕೊಕ್ಕರೆ.
ಒಂದು ವಾರ ಮಾತಿಲ್ಲ, ಸೋಪೂ ಬೇರೆ.

ಬೆಳಗಿನ ಐದೂವರೆ. ಅತಾವುಲ್ಲಾನ ಕೇಬಲ್ ರೂಮು.
ಬೀಡಿಯ ವಾಸನೆ, ಬಿಸಿಯಾದ ವೈರಿನ ವಾಸನೆ,
ಅದರ ಮೇಲೆ ಎಳ್ಳೆಣ್ಣೆ:
ಗರಡಿಯ ಹುಡುಗರೆಲ್ಲ ಮೈಗೆ ಬಳಿದುಕೊಂಡೇ ಓಡಿ ಬಂದಿದ್ದರು,
ಸಾಮು ಬಿಟ್ಟು, ಮಟ್ಟಿ ಕೆದಕದೆ.
ಹುಡುಗಿ ಅಂತ ನನ್ನನ್ನು ಗರಡಿಯ ಹೊಸಿಲಿಗೂ ಬಿಡದವರು
ಇಲ್ಲಿ ಸರಿದು ಜಾಗ ಕೊಟ್ಟರು.

ಗಂಟೆ ಹೊಡೆಯಿತು. ಯಾರೂ ಕೂಗಲಿಲ್ಲ.
ಅಲ್ಲಿಯ ಐವತ್ತು ಸಾವಿರ ಜನಕ್ಕೂ ತಿಳಿಯಲಿಲ್ಲ
ಯಾರಿಗೆ ಜೈ ಅನ್ನಬೇಕೆಂದು.
ಬಂಡೆ ಕೈ ಚಾಚಿದ. ಕೊಕ್ಕರೆ ನೋಡಿದ, ನೋಡಿದ,
ಹಿಡಿದ.
ಅಯ್ಯೋ, ಅಂದೆ ನಾನು, ಯಾಕೋ.

ಆಗ ಬಾಗಿಲಲ್ಲಿ ಉಸ್ತಾದ್ ದ್ಯಾವಣ್ಣ.
ಕೈಯಲ್ಲಿ ಬೆತ್ತ, ಸೊಂಟಕ್ಕೆ ಬಿಗಿದ ಟವೆಲು,
ಮುದುಡಿದ ಎಡಗಿವಿ ಒಣಗಿದ ಅಂಜೂರದ ಹಾಗೆ.
"ಮಟ್ಟಿ ಕಾಯ್ತಾ ಅದೆ, ಇಲ್ಲಿ ಬೊಂಬೆಯಾಟ ನೋಡ್ತಾ ಕುಂತಿದ್ದೀರಾ?"
ಎದ್ದರು ನಾಕು ಜನ. ಪರದೆಯಲ್ಲಿ ಬಂಡೆ ಎತ್ತಿ ಕುಕ್ಕಿದ.
"ಬೆನ್ನು ತಾಗ್ತಲ್ಲ, ಮುಗೀತು. ಏಳ್ರೋ."
ಇಲ್ಲ ಉಸ್ತಾದ್, ಮೂರು ಎಣಿಸಬೇಕು.
"ಮೂರಾ? ಬೆನ್ನು ನೆಲ ಮುಟ್ಟಿದ ಮೇಲೆ ಎಣಿಸೋದು ಏನನ್ನ?
ನಮ್ಮಲ್ಲಿ ಆಕಾಶ ಕಂಡೋನು ಸೋತ.
ಒಂದೇ ಸಲ. ಒಂದೇ ಆಕಾಶ."

ಆದರೂ ನಿಂತ.
ಸುಳ್ಳು ಅಂದ. ನಾಟಕ ಅಂದ. ಆ ಏಟು ಗಾಳಿಗೆ ಬಿತ್ತು ಅಂದ.
ಬೆತ್ತ ಬಾಗಿಲಿಗೆ ಒರಗಿಸಿದ.
ಒಂದೊಂದು ಪಟ್ಟಿಗೂ ನಮ್ಮ ಹೆಸರಿಟ್ಟ,
"ಎಡಗಾಲು ಒಳಗೆ ಹಾಕೋ ಮುಂಡೇದೇ" ಎಂದು
ಸಮುದ್ರದಾಚೆಯವನಿಗೆ ಪಾಠ ಹೇಳಿದ.

ಇಪ್ಪತ್ತನೆಯ ನಿಮಿಷವಿರಬೇಕು.
ಕೊಕ್ಕರೆ ಕಂಬದ ಮೇಲಿಂದ ಹಾರಿದ,
ಇಳಿದದ್ದು ಓರೆ.
ಆ ಸದ್ದೇ ಬೇರೆ. ಗರಡಿಯ ಹುಡುಗರಿಗೆ ಗೊತ್ತಾಯಿತು,
ಒಬ್ಬನೂ ಉಸಿರೆತ್ತಲಿಲ್ಲ.
ಬಂಡೆ ಮೇಲೆ ಬಿದ್ದ, ಅಮುಕಿದ, ಹಲ್ಲು ಕಚ್ಚಿದ,
ಕತ್ತು ಮುರಿಯುವವನ ಹಾಗೆ ಕಂಡ.
ದ್ಯಾವಣ್ಣ ಟೀವಿಯ ಹತ್ತಿರ ಹೋಗಿ
ಗಾಜಿನ ಮೇಲೆ ಬೆರಳಿಟ್ಟ: "ನೋಡ್ರೋ ಆ ಕೈಯ."

ಅಂಗೈ. ಕತ್ತಿನ ಕೆಳಗೆ,
ಮೊಟ್ಟೆ ಹಿಡಿದ ಹಾಗೆ.
ತುಟಿ ಅಲ್ಲಾಡಿಸದೆ ಏನೋ ಕೇಳುತ್ತಿದ್ದಾನೆ,
ಕೆಳಗಿದ್ದವನು ಎರಡು ಸಲ ಬೆರಳು ಒತ್ತಿ
ಉತ್ತರ ಕೊಡುತ್ತಿದ್ದಾನೆ.

"ಜೋಡಿ ಕಟ್ಟಿದೋನು ಯಾವನೋ, ಬಲ್ಲವನು,"
ಅಂದ ದ್ಯಾವಣ್ಣ. ಬೆತ್ತ ಮರೆತು ಹೋದ.

ಗೆದ್ದವನು ಬಂಡೆ. ಅಣ್ಣ ಈಗಲೂ ಹೇಳುತ್ತಾನೆ.
ಕೊಕ್ಕರೆ ಎರಡೂವರೆಗೇ ಭುಜ ಎತ್ತಿದ್ದ,
ನಾನೂ ಈಗಲೂ ಹೇಳುತ್ತೇನೆ.

ಬೆತ್ತ ಕೊಟ್ಟು ಬರಲು ಸಂಜೆ ನನ್ನನ್ನೇ ಕಳಿಸಿದರು.
ಉಸ್ತಾದ್ ಮನೆಯಲ್ಲಿರಲಿಲ್ಲ.
ಬಸವಣ್ಣಿಯ ಎಲೆ ಅಂಗಡಿಯ ಮುಂದೆ ನಿಂತಿದ್ದ.
ಬೆಳಿಗ್ಗೆಯೇ ಒಂದು ಕಟ್ಟು ಕೊಂಡಾಗಿತ್ತು, ದಿನದ ಹಾಗೆ,
ಚೌಕಾಶಿ ಇಲ್ಲದೆ, ದಿನದ ಹಾಗೆ.
ಒಂದು ದಸರೆಗೆ ಇವರಿಬ್ಬರಿಗೂ ಜೋಡಿ ಕಟ್ಟಿದ್ದರಂತೆ,
ಊರೆಲ್ಲ ಎರಡು ಪಾಲಾಗಿತ್ತಂತೆ, ನಾನು ಹುಟ್ಟುವ ಮೊದಲು.
ಮಿಕ್ಕದ್ದನ್ನು ಯಾರೂ ಹೇಳುವುದಿಲ್ಲ.

"ಬಸವಣ್ಣೀ" ಅಂದ.
ಕತ್ತು ತಿರುಗದ ಬಸವಣ್ಣಿ
ಎಲೆಗೆ ನೀರು ಚಿಮುಕಿಸುವುದನ್ನು ನಿಲ್ಲಿಸಿ,
ಮೊದಲು ಭುಜ, ಆಮೇಲೆ ಸೊಂಟ, ಆಮೇಲೆ ಪಾದ,
ಇಡೀ ಮೈಯನ್ನೇ ಅವನ ಕಡೆಗೆ ತಿರುಗಿಸಿದ.