ಕಾರ್ಯಕರ್ತೆಯ ಭಾವನೆಗಳು

ಬುಧವಾರ, ಶನಿವಾರ ಕ್ಷೇತ್ರಕಾರ್ಯ.
ಗುಳೇದಗುಡ್ಡದಿಂದ ಏಳೂವರೆ ಬಸ್ಸು, ತೊಡೆಯ ಮೇಲೆ ಬ್ಯಾಗು,
ಅದರೊಳಗೆ ನಾಲ್ಕು ಕಾಲಂ ಗೆರೆ ಹೊಡೆದ ದಪ್ಪ ವಹಿ:
ಅರ್ಥಿ ಹೇಳಿದ್ದು. ಕಾರ್ಯಕರ್ತೆ ಹೇಳಿದ್ದು.
ಕಾರ್ಯಕರ್ತೆಯ ಭಾವನೆಗಳು.
ಕೊನೆಯದು ಮೇಲ್ವಿಚಾರಕರ ಕೆಂಪು ಶಾಯಿಗೆ.

ಅಣ್ಣ ಇನ್ನೂ ಕೇಳುತ್ತಾನೆ:
'ಸಮಾಜಸೇವಾ ಮಾಡಾಕ ಡಿಗ್ರಿ ಯಾಕ ಬೇಕ?
ನಮ್ಮವ್ವ ಏನ್ ಓದಿ ಓಣಿ ತುಂಬ ಬಾಣಂತನಾ ಮಾಡ್ಯಾಳ?'
ಸೇವೆಯಲ್ಲ, ಕಾರ್ಯ ಎನ್ನುತ್ತೇನೆ. ಸಮಾಜಕಾರ್ಯ.
ಅವನು ರೊಟ್ಟಿ ಮುರಿಯುತ್ತಾನೆ.

ನನ್ನ ಪಾಲಿಗೆ ಬಂದದ್ದು ನವನಗರದ ಒಂದು ಸೆಕ್ಟರು,
ಅದರಲ್ಲೊಬ್ಬಳು ಕಾಶಿಂಬಿ,
ಹಳೇ ಬಾಗಲಕೋಟೆಯ ಮುಳುಗಿದ ಓಣಿಯ ಬಳೆಗಾರ್ತಿ.
ಪ್ರಕರಣ ಸಂಖ್ಯೆ ಮೂರು.

ಮೊದಲ ದಿನ, ಪುಸ್ತಕದಲ್ಲಿದ್ದಂತೆ, ಬಾಂಧವ್ಯ ಬೆಳೆಸಹೋದೆ.
'ಕುಟುಂಬದಲ್ಲಿ ಎಷ್ಟು ಜನ?'
'ಹೋದ ವರ್ಷದಾಕೀನೂ ಇದನ್ನ ಕೇಳಿದ್ಲು' ಎಂದಳು.
'ಅದರಾಚಿ ವರ್ಷದಾಕಿ ಮುಧೋಳದಾಕಿ, ಈಗ ಎರಡ ಮಕ್ಕಳು.
ಒಬ್ಬಾಂವಗ ಜಮಖಂಡ್ಯಾಗ ನೌಕರಿ ಹತ್ತೇತಿ, ಫೋನ್ ಮಾಡ್ತಾನ.
ಒಬ್ಬಾಂವ ಚಾ ಕುಡದು ಸಹಿ ಮಾಡಿಸ್ಕೊಂಡು ಹೋದ, ಅಷ್ಟ.
ನೀ ಯಾರ ಪೈಕಿ?'
ನಮ್ಮ ಪ್ರಕರಣಗಳನ್ನೆಲ್ಲ
ಆಕೆ ವಹಿಯಿಲ್ಲದೆ ಇಟ್ಟುಕೊಂಡಿದ್ದಳು.

ಮೂರನೇ ಭೇಟಿಗೂ 'ಸಮಸ್ಯೆ' ಎಂಬಲ್ಲಿ ಖಾಲಿ.
ರೇಷನ್ ಬರುತ್ತದೆ. ಪೆನ್ಶನ್ ಬರುತ್ತದೆ.
ಮಗ ಗೌಂಡಿ, ಕುಡಿಯುವುದಿಲ್ಲ.
ಸಮಸ್ಯೆ ಗುರುತಿಸಿ, ಎಂದಿತು ಕೆಂಪು ಶಾಯಿ. ಇಪ್ಪತ್ತು ಅಂಕ.
ನನ್ನ ಮುಖ ನೋಡಿ ಆಕೆಗೇ ಕನಿಕರ:
'ಮೊಣಕಾಲು ನೋಯ್ತಾವಂತ ಬರ್ಕೋ ಬೇಟಿ.
ಸಾಲಲಿಲ್ಲಂದ್ರ ಕಣ್ಣೂ ಹಾಕು.'

ಮುಳುಗಿದ ಮನೆಯನ್ನು ಕೇಳಿದೆ, ದುಃಖ ಅಲ್ಲಿದ್ದೀತೆಂದು.
'ಅದಾ? ಇಲಿ ಮನಿ. ಗ್ವಾಡಿ ನೆನೀತಿತ್ತು.
ನೆನಪಾಗೂದು ಮುಂದಿನ ಕಟ್ಟಿ.
ಹೆಣ್ಮಕ್ಕಳು ಕೈ ಚಾಚಿ ಸಾಲಾಗಿ ಕುಂದರ್ತಿದ್ರು.'

ಜನವರಿಯ ಒಂದು ಬುಧವಾರ ವಹಿ ತೆರೆಯಲಿಲ್ಲ.
ಎರಡನೇ ಸೆಮಿಸ್ಟರಿನ ಫೀಸಿಗೆ ಅಪ್ಪ ಖಣದ ಮಗ್ಗ ಬಿಚ್ಚಿ ಕೊಟ್ಟಿದ್ದ.
ಅದರ ಕುಣಿ ಮಾತ್ರ ಹಾಗೇ ಇತ್ತು.
ಅವ್ವ ಅದಕ್ಕೆ ಹಲಗೆ ಮುಚ್ಚಿ ಹಾಸಿಗೆ ಹಾಸಿದ್ದಳು,
ರಾತ್ರಿಯೆಲ್ಲ ಅದರ ಮೇಲೆ ಮಲಗಿ ಎದ್ದು ಬಂದಿದ್ದೆ,
ಬೆನ್ನಿಗೆ ಇನ್ನೂ ಪೊಳ್ಳು ಹತ್ತಿಕೊಂಡಿತ್ತು.

'ಕೈ ಕೊಡು' ಎಂದಳು ಕಾಶಿಂಬಿ.
ಹೆಬ್ಬೆರಳ ಬುಡದ ಎಲುಬನ್ನು ಒತ್ತಿದಳು, ಮಡಚಿದಳು.
'ಕೈ ಸಡಲ ಬಿಡು. ಮಾತು ಬಿಡಬ್ಯಾಡ.'
ನಾನು ಮಗ್ಗದ ಬಗ್ಗೆ ಹೇಳುತ್ತಲೇ ಇದ್ದೆ, ಮೂಗು ಒರೆಸುತ್ತ,
ಎಲುಬು ಯಾವ ಗಳಿಗೆಗೆ ಜಾಗ ಬಿಡುತ್ತದೆಂದು
ಆ ಬೆರಳುಗಳಿಗೆ ಗೊತ್ತಿತ್ತು.
ಗಾಜು ನುಸುಳಿತು. ಹಸಿರು, ಎರಡು.
ನೋಯಲೂ ಇಲ್ಲ.

ಪರಾನುಭೂತಿ ಎಂದರೇನು, ಐದು ಅಂಕಕ್ಕೆ,
ಬಾಯಿಪಾಠವಿತ್ತು ನನಗೆ.
ಅರ್ಥಿಯಿಂದ ಕಾಣಿಕೆ ಪಡೆಯಬಾರದೆಂಬ ನಿಯಮವೂ.

ಬರುವಾಗ ಬಸ್ಸಿನ ಸರಳಿಗೆ ಬಡಿದು ಒಂದು ಒಡೆಯಿತು.
ಒಡೀತು ಅನಬಾರದು, ಹೆಚ್ಚಿತು ಅನಬೇಕು,
ಅವ್ವ ತಿದ್ದಿದಳು, ಯಾರು ತೊಡಿಸಿದರೆಂದು ಕೇಳಲಿಲ್ಲ.

ಮಾರ್ಚಿನಲ್ಲಿ ಕೊನೆಯ ಹಂತ: ಮುಕ್ತಾಯ.
ಅರ್ಥಿಗೆ ಮೊದಲೇ ತಿಳಿಸಬೇಕು,
ಅವಲಂಬನೆ ಉಳಿಯದಂತೆ ನೋಡಿಕೊಳ್ಳಬೇಕು.
ತಿಳಿಸಿದೆ. ಆಕೆ ಬಳ್ಳೊಳ್ಳಿ ಸುಲಿಯುತ್ತಿದ್ದಳು.
'ಹೂಂ. ಮಳಿಗಾಲಕ್ಕ ಇನ್ನೊಬ್ಬಾಕಿ ಬರ್ತಾಳ.
ನಿನ್ನ ಬಗ್ಗೆ ಏನ್ ಹೇಳ್ಲಿ ಆಕಿಗೆ?'

ಹೊರಗಿನಿಂದ ಬಂದ ಪರೀಕ್ಷಕರು
ವೈವಾದ ದಿನ ವಹಿ ತಿರುವಿದರು, ಮತ್ತೆ ತಿರುವಿದರು.
ಮೂರನೆಯ ಕಾಲಂ ಇಡೀ ವರ್ಷ ಬಿಳಿ.
'ಭಾವನೆಗಳೇ ಇಲ್ಲವೇನಮ್ಮಾ?'
ಉತ್ತರಕ್ಕೆಂದು ಎತ್ತಿದ ಕೈ
ಮೇಜಿನ ಗಾಜಿಗೆ ತಾಗಿತು. ಉಳಿದೊಂದು ಬಳೆಯ ಸದ್ದು.
ಗಡಬಡಿಸಿ ತೋಳು ಎಳೆದುಕೊಂಡೆ.
'ಮೊಣಕಾಲು ನೋವು, ಸರ್' ಎಂದೆ,
ಬೇರೆ ಯಾವುದೋ ಕಾಲಮ್ಮಿನಿಂದ.