ಹತ್ತಕ್ಕೆ ಎಷ್ಟು

ರುವಿಯ ಗಡಿಯಾರ ಗೋಪುರದ ಹಿಂದಿನ ಓಣಿಗಳಲ್ಲಿ
ಹನ್ನೊಂದು ಹೋಟೆಲು. ಹನ್ನೊಂದರಲ್ಲೂ ಉಂಡಿದ್ದೇನೆ,
ಬರೆದಿಟ್ಟಿದ್ದೇನೆ, ಟಯರ್ ಕಂಪೆನಿಯ ಹಳೇ ಸ್ಟಾಕ್ ಪುಸ್ತಕದಲ್ಲಿ:
ಸೈಜು ಇದ್ದಲ್ಲಿ ಹೋಟೆಲಿನ ಹೆಸರು,
ಒಳಬಂದದ್ದು, ಹೊರಹೋದದ್ದು ಇದ್ದಲ್ಲಿ
ರುಚಿ, ಉಪಚಾರ.

ಶುಕ್ರವಾರ ಮಧ್ಯಾಹ್ನ ನಾವು ಮೂವರು.
ಪೂಂಜರಿಗೆ ಮೀನು ಕಾವಲಿಯಿಂದ ನೇರ ಬರಬೇಕು,
ತಲೆ ಸಮೇತ, ಕಣ್ಣು ಬಿಟ್ಟುಕೊಂಡೇ.
ಎರಡನೇ ಸಲದ ಸಾರಿಗೆ ದುಡ್ಡು ಹಿಡಿದರೆ
ಮೋನಬ್ಬನೆದುರು ಆ ಹೋಟೆಲಿನ ಹೆಸರೆತ್ತುವಂತಿಲ್ಲ.
ಬಾಯಿಗಿಟ್ಟು ಇಬ್ಬರೂ ನನ್ನ ಮುಖ ನೋಡುತ್ತಾರೆ.
ತೀರ್ಪು ನನ್ನದು.
ಹಿಂದೊಮ್ಮೆ ಬಂಗುಡೆ ಸಾರಿಗೆ
ಹುಣಸೆಯ ಬದಲು ಟೊಮೇಟೊ ಹಾಕಿದ್ದನ್ನು ಹಿಡಿದು
ಅಡುಗೆಯವನನ್ನೇ ಹೊರಗೆ ಕರೆಸಿದವನು ನಾನು.
ಅವನು ಕೈ ಒರೆಸುತ್ತ ಬಂದ, ಒಪ್ಪಿಕೊಂಡ.
ಆವತ್ತಿನಿಂದ ಈ ಪಟ್ಟ.

ಯಾರಿಗೂ ಹೇಳದ್ದು ಒಂದುಂಟು.
ಎರಡು ವರ್ಷದ ಕೆಳಗೆ ಜ್ವರ ಬಂತು, ಹೋಯಿತು.
ಹೋಗುವಾಗ ನಾಲಿಗೆ ಬಿಟ್ಟು ಅದರ ಕೆಲಸ ಒಯ್ದಿತು.
ಒಂದು ಬೆಳಿಗ್ಗೆ ಚಾದಲ್ಲಿ ಏಲಕ್ಕಿ ಇರಲಿಲ್ಲ,
ಚಾ ಕೂಡ ಇರಲಿಲ್ಲ. ಬಿಸಿ ಇತ್ತು.
ಅಷ್ಟೇ ಈಗ: ಬಿಸಿ, ತಂಪು, ಮೆತ್ತಗೆ, ಗಟ್ಟಿ.
ಖಾರ ಗೊತ್ತಾಗುತ್ತದೆ. ಅದು ರುಚಿಯಲ್ಲ, ಪೆಟ್ಟು.
ಬರುತ್ತದೆ ಬರುತ್ತದೆ ಎಂದರು ಡಾಕ್ಟರು,
ಕೆಟ್ಟು ನಿಂತ ಬಸ್ಸಿನ ಬಗ್ಗೆ ಹೇಳುವ ಹಾಗೆ.

ಹೆಂಡತಿ ಊರಿಂದ ಮಾವಿನ ಮಿಡಿ ಕಳಿಸುತ್ತಾಳೆ,
ಫೋನಿನಲ್ಲಿ ಕೇಳುತ್ತಾಳೆ: ಈ ಸಲ ಉಪ್ಪು ಮುಂದಾಯಿತಾ?
ಸ್ವಲ್ಪ, ಅನ್ನುತ್ತೇನೆ.
ಅವಳಿಗೆ ಸಮಾಧಾನ,
ತಪ್ಪು ಹಿಡಿಯುವವ ಇದ್ದಾನಲ್ಲ ಇನ್ನೂ ಎಂದು.

ಹೀಗಾಗಿ ರುಚಿಯ ಅಂಕವೆಲ್ಲ ಕಳ್ಳ ಲೆಕ್ಕ.
ಪೂಂಜರ ಹುಬ್ಬು ಏರಿದರೆ ಏಳು,
ಮೋನಬ್ಬ ಬೆರಳು ನೆಕ್ಕಿದರೆ ಎಂಟೂವರೆ.
ಉಪಚಾರದ್ದು ಮಾತ್ರ ಸತ್ಯ:
ಲೋಟದ ನೀರಲ್ಲಿ ಬೆರಳದ್ದಿ ತಂದವನು,
ಮೇಜು ಒರೆಸಿದ ಬಟ್ಟೆಯಲ್ಲೇ ತಟ್ಟೆ ಒರೆಸಿದವನು,
ನಾವಿನ್ನೂ ಮಜ್ಜಿಗೆ ಕುಡಿಯುತ್ತಿರುವಾಗಲೇ
ಬಿಲ್ಲಿನ ಮೇಲೆ ಸೋಂಪು ಇಟ್ಟು ನಿಂತವನು,
ಒಬ್ಬನೂ ನನ್ನ ಪುಸ್ತಕದಿಂದ ತಪ್ಪಿಸಿಕೊಂಡಿಲ್ಲ.

ಈಗ ಮೌಲಾಲಿಯ ವಿಷಯ.
ಹುಮನಾಬಾದಿನವನು, ಬಂದು ಆರು ತಿಂಗಳು.
ನಮ್ಮ ಕನ್ನಡ ಕೇಳಿ ಅವನು ನಗುತ್ತಾನೆ,
ಅವನದು ಕೇಳಿ ನಾವು.
ಜುಲೈಯ ಒಂದು ಶುಕ್ರವಾರ ಪೂಂಜರು
ಮಳೆ ನೋಡಲು ಸಲಾಲಕ್ಕೆ, ಮೋನಬ್ಬ ಡ್ಯೂಟಿಗೆ.
ಒಬ್ಬನೇ ಕೂತೆ. ಸಾರು ಬಂತು, ಉಂಡೆ,
ಇನ್ನೊಂದು ಸೌಟು ಹಾಕಿಸಿಕೊಂಡೆ.
ಆಚೆ ಮೇಜಿನಲ್ಲಿ ಗಲಾಟೆ ಎದ್ದಿತು:
ಒಂದು ಹರಳು ಉಪ್ಪಿಲ್ಲವಲ್ಲ ಮಾರಾಯ,
ಸಮುದ್ರ ಪಕ್ಕದಲ್ಲಿ ಇಟ್ಟುಕೊಂಡು!
ಮೌಲಾಲಿ ನನ್ನ ಖಾಲಿ ಬಟ್ಟಲು ನೋಡಿದ.
ನನ್ನನ್ನು ನೋಡಿದ.
ಎಲ್ಲ ಮೇಜಿಗೂ ಉಪ್ಪಿನ ಡಬ್ಬಿ ಇಡುತ್ತ ಬಂದವನು
ನನ್ನ ಮೇಜು ದಾಟಿ ಹೋದ.

ಮುಂದಿನ ವಾರ ಮೂವರೂ ಕೋರಿರೊಟ್ಟಿ ಹೇಳಿದೆವು.
ಅವರಿಬ್ಬರಿಗೆ ಗಸಿ ಮೇಲಿಂದಲೇ ಸುರಿದ.
ನನಗೆ ರೊಟ್ಟಿ ಬೇರೆ, ಬಟ್ಟಲು ಬೇರೆ.
ಇದೇನು ಪಂಕ್ತಿಭೇದ, ಎಂದರು ಪೂಂಜರು.
"ಇವರಿಗಿ ಕುರುಂಕುರುಂ ಬೇಕ್ರಿ" ಅಂದ, ಹೋದ.

ಮುರಿದೆ. ದವಡೆಯಿಂದ ಕಿವಿಗೆ,
ಕಿವಿಯಿಂದ ನೆತ್ತಿಗೆ, ಒಣ ಸೌದೆ ಸೀಳಿದ ಹಾಗೆ.
ಇನ್ನೊಂದು ಚೂರು ಮುರಿದೆ.
ಹೊರಗೆ ನಲವತ್ತಾರು ಡಿಗ್ರಿ, ಓಣಿಯಲ್ಲಿ
ಯಾರದೋ ಕಾರು ಹಾರ್ನು ಒತ್ತುತ್ತಲೇ ಇತ್ತು,
ನನಗೆ ಅದು ಕೇಳಿಸಲಿಲ್ಲ.

ಹೇಗುಂಟು, ಎಂದ ಮೋನಬ್ಬ. ಹತ್ತಕ್ಕೆ ಎಷ್ಟು?
ತಡಿ, ಎಂದು ಕೈ ಮಾಡಿದೆ, ಬಾಯಿ ತುಂಬಿತ್ತು.
ಕೌಂಟರಿಗೆ ಒರಗಿ ಮೌಲಾಲಿ, ಈ ಕಡೆ ನೋಡದೆ,
ಯಾರದೋ ಪಾರ್ಸೆಲ್ಲಿಗೆ ಎರಡು ಸುತ್ತು
ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ.
ಟಪ್.