ಬಡಗು ಬದಿಯ ಸೀಟು

ಸೀಟಿನ ನಕ್ಷೆ ತೆರೆದೆ. ಪುಂಡಲೀಕ ತಾಂಡೇಲ
ಕೌಂಟರಿನ ಮೇಲೆ ಎರಡೂ ಮೊಣಕೈ ಊರಿ ಬಗ್ಗಿದ,
ದಕ್ಕೆಯ ಹರಾಜಿನಲ್ಲಿ ಇಸವಾಣದ ಕಿವಿರು ಎತ್ತಿ ನೋಡುವ ಹಾಗೆ.

ಎಡತುದಿಗೆ ಎ, ಬಲತುದಿಗೆ ಕೆ,
ನಡುವೆ ಯಾರಿಗೂ ಬೇಡದ ಅಕ್ಷರಗಳು.
"ಅದೆಲ್ಲ ಬಿಡಿ ಬಾಯೋರೆ," ಅಂದ,
"ಬಡಗು ಯಾವ ಬದಿ, ತೆಂಕು ಯಾವ ಬದಿ, ಅಷ್ಟು ಹೇಳಿ."

ಫ್ರಾಂಕ್‌ಫರ್ಟಿನಿಂದ ಹ್ಯೂಸ್ಟನ್ನಿಗೆ, ಹನ್ನೊಂದು ತಾಸು.
ಟಿಕೀಟು ಕಂಪನಿಯದು. ಕಿಟಕಿಯ ದುಡ್ಡು ಮಾತ್ರ ಅವನದು,
ನಾಲ್ಕು ಸಾವಿರದ ಇನ್ನೂರು,
ಒಳಜೇಬಿನಿಂದ ತೆಗೆದು ಮೊದಲೇ ಎಣಿಸಿಟ್ಟಿದ್ದಾನೆ.

ಇಪ್ಪತ್ತೆರಡು ವರ್ಷ ಆ ಕಡಲನ್ನು ದಾಟಿದವನು.
ದಾಟಿದ್ದು ನೀರಿನ ಗೆರೆಗಿಂತ ಕೆಳಗೆ, ಎಂಜಿನ್ ಕೋಣೆಯಲ್ಲಿ,
ಎಣ್ಣೆಡಬ್ಬಿ, ಕಿವಿಗೆ ಹತ್ತಿ, ಬೇಯಿಸುವ ಸೆಕೆ.
"ಅಟ್ಲಾಂಟಿಕ್ ಅಂದ್ರೆ ನನಗೆ ಬರೀ ಒಂದು ಸದ್ದು.
ಒಮ್ಮೆ ಮುಖ ನೋಡ್ಬೇಕು."

ನಾನು ವಿಮಾನ ಹತ್ತಿದವಳಲ್ಲ.
ಕಾರವಾರದ ಬಸ್‌ಸ್ಟ್ಯಾಂಡ್ ಎದುರಿನ ಈ ಗೂಡಿನಲ್ಲಿ ಕೂತು
ಊರಿನ ಅರ್ಧ ಜನರನ್ನು ಮೋಡದ ಮೇಲೆ ಕೂರಿಸಿದ್ದೇನೆ, ಅಷ್ಟೆ.
ನನಗೆ ಗೊತ್ತಿರುವುದು ಹಾರವಾಡದ ಬಸ್ಸು:
ಬೆಳಿಗ್ಗೆ ಬರುವಾಗ ಎಡಕ್ಕೆ ಕೂತರೆ ಕಡಲು,
ಸಂಜೆ ಹೋಗುವಾಗ ಬಲಕ್ಕೆ.
ಸಂಜೆಯ ಕಡಲಿಗೆ ಬಿಸಿಲಿನ ತೆರಿಗೆ ಉಂಟು;
ಬುದ್ಧಿವಂತರೆಲ್ಲ ಗುಡ್ಡದ ಬದಿ ಹಿಡಿಯುತ್ತಾರೆ.
ನನ್ನ ಬಲಗೆನ್ನೆ ಎಡಗೆನ್ನೆಗಿಂತ ಒಂದು ಹದ ಕಪ್ಪು.

ಅಲ್ಲಿ ಹಾಗಲ್ಲ, ಎಂದೆ.
ಪಡುವಣಕ್ಕೆ ಹಗಲು ಹಾರಾಟ,
ಸೂರ್ಯ ತೆಂಕಣ ಕಿಟಕಿಗಳಿಗೇ ಅಂಟಿಕೊಂಡಿರುತ್ತಾನೆ,
ಬಡಗಿಗೆ ನೆರಳು, ನೆರಳಿನ ಬದಿಗೇ ನೋಟ.
ಮೋಡ ದಯೆ ತೋರಿದರೆ ಗ್ರೀನ್‌ಲ್ಯಾಂಡಿನ ತುದಿ,
ಸಾಣಿಕಟ್ಟೆಯ ಉಪ್ಪಿನ ರಾಶಿಗಳ ಹಾಗೆ ಹಿಮ.
ಬಲಕ್ಕೆ ಕೂರಿ. ಮರಳುವುದು ರಾತ್ರಿ, ಆಗ ಎಡಕ್ಕೆ;
ಬಡಗು ಬಾನಿನಲ್ಲಿ ಹಸಿರು ಬೆಳಕು ಆಡಿದರೂ ಆಡೀತು.
ಹೋಗುವಾಗ ಬಲ, ಬರುವಾಗ ಎಡ.
ಹೇಳಿ ಮುಗಿಸಿದ ಮೇಲೆ ನನಗೇ ನಗು ಬಂತು:
ಇದು ಹಾರವಾಡದ ಬಸ್ಸೇ!

ಸಾಲು ಯಾವುದು?
ರೆಕ್ಕೆಯ ಮೇಲೆ ಕೂತರೆ ರೆಕ್ಕೆಯೇ ಕಾಣುತ್ತದೆ.
ಹಿಂದೆ ಕೂತರೆ ಎಂಜಿನ್ನಿನ ಬಿಸಿಯುಸಿರಿಗೆ ನೋಟ ನಡುಗುತ್ತದಂತೆ.
"ಎಂಜಿನ್ ಸಾಕು," ಅಂದ. ಮುಂದೆ ಸರಿದೆವು.
ಹತ್ತೊಂಬತ್ತು ಕೆ ಖಾಲಿ.
ಒತ್ತುವ ಮೊದಲು ಯಾಕೋ ಫೋನ್ ಮಾಡಿ ಕೇಳಿದೆ.
ಅಲ್ಲಿ ಕಿಟಕಿಯಿಲ್ಲ.
ಹೆಸರಿಗೆ ಕಿಟಕಿ ಸೀಟು, ದರವೂ ಕಿಟಕಿಯದೇ,
ಪಕ್ಕದಲ್ಲಿ ಬೋಳು ಗೋಡೆ.

ಪುಂಡಲೀಕ ನಗಲಿಲ್ಲ.
"ಅರಗಾದಲ್ಲಿ ಬಸ್ಸಿನ ಬಲಕ್ಕೆ ಕೂತವನಿಗೆ ಗೊತ್ತು ಬಿಡಿ."

ನೌಕಾನೆಲೆಯ ಗೋಡೆ ಅಲ್ಲಿ ಬಸ್ಸಿನ ಜೊತೆಜೊತೆಗೇ ಓಡುತ್ತದೆ.
ಅದರಾಚೆ ಅವನ ಹೊಕ್ಕುಳಬಳ್ಳಿ ಹೂತ ಮರಳು,
ಅಜ್ಜ ರಾಂಪಣಿ ಎಳೆಸಿದ ದಂಡೆ.
ಮನೆ ಈಗ ಮುದಗಾದ ಕಾಲನಿಯಲ್ಲಿ.
ಆ ಕೆಲವು ನಿಮಿಷ ನಾನು
ಟಿಕೀಟನ್ನು ಮಡಚಿ ಬಿಚ್ಚಿ ಮಡಚಿ ಕಳೆಯುತ್ತೇನೆ.
ಅವನು ನೋಡುತ್ತಾನಂತೆ, ಗೋಡೆಯನ್ನೇ,
ಮುಳ್ಳುತಂತಿಯ ಮೇಲೆ ತಲೆ ಹಾಕಿದ ತೆಂಗು ಎಣಿಸುತ್ತ.
ಒಂದು ಸಲವೂ ಲೆಕ್ಕ ಸರಿ ಬಂದಿಲ್ಲ.

ಹದಿನೇಳು ಕೆ ಸಿಕ್ಕಿತು.

ಏಳು ತಿಂಗಳ ಮೇಲೆ ಬಂದ, ಸಣ್ಣಗಾಗಿ,
ಕೈಯಲ್ಲಿ ಕರಗಿದ ಚಾಕಲೇಟು.
ಗ್ರೀನ್‌ಲ್ಯಾಂಡ್? "ಮೋಡ."
ಹಸಿರು ಬೆಳಕು? "ನಿದ್ದೆ ಬಂದಿತ್ತು."
ನಾಲ್ಕು ಸಾವಿರದ ಇನ್ನೂರಕ್ಕೆ ನಾನೇ ಹೊಣೆಯೆಂಬಂತೆ
ಮೇಜಿನ ಧೂಳು ಒರೆಸಿದೆ.

ಆಮೇಲೆ ಅಂದ: "ಒಂದು ಕಡೆ ಮೋಡ ಹರಿದಿತ್ತು.
ಬಂಗಡೆ ಬೆನ್ನಿನ ಬಣ್ಣದ ನೀರು.
ಅದರ ಮೇಲೆ ಒಂದು ಬಿಳಿ ಗೀರು, ಉಗುರಲ್ಲಿ ಗೀಚಿದಷ್ಟು.
ಹಡಗು. ಹೋಗ್ತಾ ಇದ್ದ ಹಾಗೇ ಕಾಣೋದಿಲ್ಲ ಅದು.
ಒಳಗೆ ಒಬ್ಬ ಎಣ್ಣೆಡಬ್ಬಿ ಹಿಡ್ದು ನಿಂತಿರ್ತಾನಲ್ಲ ಬಾಯೋರೆ,
ಅವನಿಗೆ ಹಗಲೋ ರಾತ್ರಿಯೋ ಗೊತ್ತಿರೋದಿಲ್ಲ.
ಕೈ ಬೀಸ್ದೆ.
ಪಕ್ಕದ ಹೆಂಗಸು ಬಗ್ಗಿ ನೋಡಿದ್ಳು, ಯಾರಿಗೆ ಅಂತ.
ನೀರು ಬಿಟ್ರೆ ಏನಿಲ್ಲ.
ಕಿಟಕಿಯ ಮುಚ್ಚಳ ಇಳಿಸಿ ಅಂತ ಸನ್ನೆ ಮಾಡಿದ್ಳು."